ಭಾಸ್ಕರಾಚಾರ್ಯರು: ಚಾಪದಿಂದ ಜ್ಯೆಗೆ, ಜ್ಯೆಯಿಂದ ಚಾಪಕ್ಕೆ

ಕ್ರಿ. ಶ. 12ನೆಯ ಶತಮಾನವೆಂದೊಡನೆ ನಮ್ಮ ಭಾಗದ ಜನರ ಮನಸ್ಸು ಸಹಜವಾಗಿಯೇ ಕಲ್ಯಾಣದ ಕಡೆಗೆ ತಿರುಗುತ್ತದೆ. ಆಳಂದದಿಂದ ಈಶಾನ್ಯಕ್ಕೆ ಬಹು ದೂರವೇನೂ ಇಲ್ಲದ ಆ ಪಟ್ಟಣವು ಅಂದು ಚಾಲುಕ್ಯರ ರಾಜಧಾನಿಯಾಗಿತ್ತು. ಶರಣರ ವಚನಗಳು ಅಲ್ಲಿ ರೂಪುಗೊಳ್ಳುತ್ತಿದ್ದ ಕಾಲದಲ್ಲಿಯೇ, ಅದೇ ಸಾಮ್ರಾಜ್ಯದ ವಿಶಾಲ ಪರಿಧಿಯೊಳಗೆ ಮತ್ತೊಬ್ಬ ಮಹಾಪುರುಷರು ತಾಳೆಗರಿಯ ಮುಂದೆ ಕುಳಿತು ವೃತ್ತ, ಜ್ಯೆ ಮತ್ತು ನೆರಳುಗಳ ಲೆಕ್ಕವನ್ನು ಬಿಡಿಸುತ್ತಿದ್ದರು. ಅವರೇ ಗಣಿತಜ್ಞರಲ್ಲಿ ಅಗ್ರಗಣ್ಯರೆನಿಸಿದ ಭಾಸ್ಕರಾಚಾರ್ಯರು. ಅವರ ಜೀವನವನ್ನೂ, ವಿಶೇಷವಾಗಿ ನಮ್ಮ ವಿದ್ಯಾರ್ಥಿಗಳನ್ನು ಇಂದಿಗೂ ಕಾಡುವ ಒಂದು ಗಣಿತಭಾಗದಲ್ಲಿ ಅವರು ತೋರಿದ ದಾರಿಯನ್ನೂ ಈ ಸಂಚಿಕೆಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆಚಾರ್ಯರು ಜನಿಸಿದ್ದು ಶಕ 1036ರಲ್ಲಿ, ಎಂದರೆ ಕ್ರಿ. ಶ. 1114ರಲ್ಲಿ. ಕಲ್ಯಾಣದ ಸಿಂಹಾಸನದಲ್ಲಿ ಆಗ ಆರನೆಯ ವಿಕ್ರಮಾದಿತ್ಯನಿದ್ದನು. ತಂದೆ ಮಹೇಶ್ವರರೇ ಅವರಿಗೆ ಗುರುಗಳು, ಗೋತ್ರ ಶಾಂಡಿಲ್ಯ. ಜನ್ಮಸ್ಥಳದ ಹೆಸರನ್ನು ಆಚಾರ್ಯರೇ ತಮ್ಮ ಗ್ರಂಥದಲ್ಲಿ ವಿಜ್ಜಡವಿಡವೆಂದು ಹೇಳಿ, ಅದು ಸಹ್ಯಪರ್ವತವನ್ನು ಆಶ್ರಯಿಸಿದ ಪುರವೆಂದು ಸೂಚಿಸಿದ್ದಾರೆ. ಈ ಊರು ನಮ್ಮ ನೆರೆಯ ವಿಜಯಪುರವೇ ಎಂದು ನಾನು ಬಾಲ್ಯದಲ್ಲಿ ಕಲಿತೆನು. ಭೀಮೆಯ ಆಚೆಯ ದಂಡೆಯವರೊಬ್ಬರು ಜಗತ್ತಿಗೆ ಗಣಿತ ಕಲಿಸಿದರೆಂಬ ಹೆಮ್ಮೆಯಿಂದ ಅದನ್ನು ವಿದ್ಯಾರ್ಥಿಗಳಿಗೂ ಹೇಳಿದ್ದೇನೆ. ಆದರೆ ವಿಜಯಪುರದ ಸುತ್ತ ಸಹ್ಯಾದ್ರಿಯಿಲ್ಲ. ಅವರ ವಂಶದವರ ಶಾಸನ ದೊರೆತಿರುವುದು ಮಹಾರಾಷ್ಟ್ರದ ಜಳಗಾವ ಜಿಲ್ಲೆಯ ಚಾಳೀಸಗಾವದ ಬಳಿಯ ಪಾಟಣದಲ್ಲಿ. ಆದ್ದರಿಂದ ವಿದ್ವಾಂಸರಲ್ಲಿ ಅನೇಕರು ಆ ಕಡೆಗೇ ಒಲಿಯುತ್ತಾರೆ. ಹೆಮ್ಮೆಗಿಂತ ಪ್ರಮಾಣ ದೊಡ್ಡದು. ಆ ಸೀಮೆಯನ್ನಾಳಿದ ಸೇವುಣರು ಕೂಡ ಅಂದು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರೆಂಬುದಷ್ಟೇ ನಮಗೆ ಉಳಿಯುವ ಸಮಾಧಾನ.

ಗಣಿತವು ಈ ನಾಡಿಗೆ ಆಗ ಹೊಸತಾಗಿರಲಿಲ್ಲ. ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದ್ದರು. ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದ ರಾಜಾದಿತ್ಯನೂ 12ನೆಯ ಶತಮಾನದವನೇ. ಭಾಸ್ಕರಾಚಾರ್ಯರು ತಮ್ಮ 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಸಿದ್ಧಾಂತಶಿರೋಮಣಿಯನ್ನು ಪೂರ್ಣಗೊಳಿಸಿದರು. ಲೀಲಾವತೀ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳುಳ್ಳ ಈ ಮಹಾಗ್ರಂಥಕ್ಕೆ ತಾವೇ ವಾಸನಾಭಾಷ್ಯವೆಂಬ ವಿವರಣೆಯನ್ನೂ ಬರೆದರು. ಸೂತ್ರವನ್ನು ಹೇಳಿ ಬಿಡುವುದಲ್ಲ, ಅದು ಏಕೆ ಹಾಗೆ ಎಂಬುದನ್ನೂ ಹೇಳಬೇಕೆಂಬ ಶಿಕ್ಷಕ ಮನೋಧರ್ಮ ಅವರದು.

ಲೀಲಾವತಿಯು ಅವರ ಮಗಳೆಂದೂ, ಮದುವೆಯ ಮುಹೂರ್ತವನ್ನಳೆಯುವ ಘಟಿಕಾಪಾತ್ರೆಯಲ್ಲಿ ಅವಳ ಮುತ್ತು ಬಿದ್ದು ರಂಧ್ರ ಮುಚ್ಚಿ ಲಗ್ನ ತಪ್ಪಿತೆಂದೂ, ಅವಳ ದುಃಖವನ್ನು ಮರೆಸಲು ತಂದೆ ಗ್ರಂಥ ಬರೆದರೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಅದು ಕಾಣುವುದು ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಮಾಡಿದ ಪಾರಸೀ ಅನುವಾದದಲ್ಲಿ. ಆಚಾರ್ಯರ ಮಾತಿನಲ್ಲಿ ಅದರ ಸುಳಿವಿಲ್ಲ. ಕಥೆ ಮನೋಹರವಾಗಿದೆ, ಇರಲಿ. ನಮಗೆ ಬೇಕಾದದ್ದು ಆ ಗ್ರಂಥದ ವೃತ್ತಪ್ರಕರಣದ ಕೊನೆಯಲ್ಲಿರುವ ಒಂದು ಜೋಡಿ ಸೂತ್ರ.

ಮೊದಲು ಶಬ್ದಗಳ ಪರಿಚಯ. ಬಿಲ್ಲಿನ ಬಾಗಿದ ಕೋಲು ಚಾಪ. ಅದರ ಹೆದೆ ಜ್ಯಾ. ವೃತ್ತದ ಒಂದು ಕಂಸವನ್ನು ಬಿಲ್ಲೆಂದು ಭಾವಿಸಿದರೆ ಅದರ ತುದಿಗಳನ್ನು ಕೂಡಿಸುವ ಗೆರೆ ಪೂರ್ಣಜ್ಯಾ. ಅದರ ಅರ್ಧವೇ ಜ್ಯೋತಿಷ್ಯದಲ್ಲಿ ಬಳಕೆಯಾಗುವ ಜ್ಯಾ. ಇದಕ್ಕೆ ಜೀವಾ ಎಂಬ ಇನ್ನೊಂದು ಹೆಸರಿತ್ತು. ಅರಬರ ಬರವಣಿಗೆಯಲ್ಲಿ ಆ ಪದ ಮಾರ್ಪಟ್ಟು, ಲ್ಯಾಟಿನಿಗೆ ಹೋಗುವಾಗ ತಪ್ಪಾಗಿ ಓದಲ್ಪಟ್ಟು, ಕೊನೆಗೆ ನಮ್ಮ ಶಾಲೆಗೆ ಸೈನ್ ಆಗಿ ಮರಳಿ ಬಂತು. ಚಾಪದಿಂದ ಜ್ಯೆಯನ್ನು ಪಡೆಯುವುದು ಸೈನ್. ಜ್ಯೆಯಿಂದ ಚಾಪವನ್ನು ಪಡೆಯುವುದು ವಿಲೋಮ ಸೈನ್. ಇವೆರಡನ್ನು ಒಂದರ ಮೇಲೊಂದು ಪ್ರಯೋಗಿಸಿದಾಗ ಏನು ದೊರೆಯುತ್ತದೆ? ದ್ವಿತೀಯ ಪಿ.ಯು.ಸಿ.ಯ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಎಡವುವುದು ಈ ಪ್ರಶ್ನೆಯಲ್ಲಿ.

ಲೀಲಾವತಿಯ ಮೊದಲ ಸೂತ್ರ ಹೀಗಿದೆ. ಪರಿಧಿಯಿಂದ ಚಾಪವನ್ನು ಕಳೆದು, ಉಳಿದದ್ದನ್ನು ಚಾಪದಿಂದ ಗುಣಿಸಬೇಕು, ಇದು ಪ್ರಥಮ. ಪರಿಧಿಯ ವರ್ಗವನ್ನು 5ರಿಂದ ಗುಣಿಸಿ 4ರಿಂದ ಭಾಗಿಸಿ, ಅದರಿಂದ ಪ್ರಥಮವನ್ನು ಕಳೆಯಬೇಕು. ಪ್ರಥಮವನ್ನು ವ್ಯಾಸದ ನಾಲ್ಮಡಿಯಿಂದ ಗುಣಿಸಿ ಆ ಶೇಷದಿಂದ ಭಾಗಿಸಿದರೆ ಪೂರ್ಣಜ್ಯಾ. ಇದು ಸ್ಥೂಲವೆಂದು ಅವರೇ ಎಚ್ಚರಿಸುತ್ತಾರೆ. ಇದರ ಮೂಲ 7ನೆಯ ಶತಮಾನದ ಮೊದಲನೆಯ ಭಾಸ್ಕರರಲ್ಲಿದೆ. ಉದಾಹರಣೆಯಲ್ಲಿ ವ್ಯಾಸ 240; ಪರಿಧಿಯನ್ನು 18 ಸಮಭಾಗ ಮಾಡಿ, ಒಂದು ಭಾಗದ ಚಾಪಕ್ಕೆ, ಎರಡು ಭಾಗದ ಚಾಪಕ್ಕೆ, ಹೀಗೆ ಒಂಬತ್ತರವರೆಗೆ ಜ್ಯೆಗಳನ್ನು ಕೇಳಿದ್ದಾರೆ. ಪರಿಧಿಯನ್ನು 18 ಎಂದೇ ಹಿಡಿದರೆ ಲೆಕ್ಕ ಹಗುರವಾಗುತ್ತದೆ. ಮೂರು ಭಾಗದ ಚಾಪವನ್ನು ತೆಗೆದುಕೊಳ್ಳೋಣ. ಪ್ರಥಮ 15 ಗುಣಿಸು 3, ಅಂದರೆ 45. ಪರಿಧಿಯ ವರ್ಗ 324, ಅದರ ಐದು ನಾಲ್ಕಾಂಶ 405, ಶೇಷ 360. ವ್ಯಾಸದ ನಾಲ್ಮಡಿ 960ನ್ನು 45ರಿಂದ ಗುಣಿಸಿ 360ರಿಂದ ಭಾಗಿಸಿದರೆ 120. ಹೀಗೆಯೇ ಮೊದಲ ಐದು ಜ್ಯೆಗಳು 42, 82, 120, 154, 184 ಎಂದು ಬರುತ್ತವೆ. ಇವುಗಳ ಅರ್ಧ 21, 41, 60, 77, 92. ಗ್ರಹಗಣಿತದಲ್ಲಿ ತ್ರಿಜ್ಯವನ್ನು 120 ಎಂದಿಟ್ಟು ಹತ್ತು ಹತ್ತು ಅಂಶಕ್ಕೆ ಅವರು ಕೊಟ್ಟಿರುವ ಲಘುಜ್ಯೆಗಳು ಇವೇ; ಮುಂದಿನವು 104, 113, 118, 120. ಒಂಬತ್ತು ಸಂಖ್ಯೆ ಬಾಯಿಪಾಠವಾದರೆ ಕೈಯಲ್ಲಿ ಕೋಷ್ಟಕದ ಪುಸ್ತಕವೇ ಬೇಡ.

ಎರಡನೆಯ ಸೂತ್ರ ಹಿಂತಿರುಗುವ ದಾರಿ. ಜ್ಯೆಯ ಕಾಲುಭಾಗವನ್ನು 5ರಿಂದಲೂ ಪರಿಧಿಯ ವರ್ಗದಿಂದಲೂ ಗುಣಿಸಿ, ಜ್ಯೆ ಮತ್ತು ವ್ಯಾಸದ ನಾಲ್ಮಡಿಯ ಮೊತ್ತದಿಂದ ಭಾಗಿಸಬೇಕು. ಬಂದದ್ದನ್ನು ಪರಿಧಿಯ ವರ್ಗದ ಕಾಲುಭಾಗದಿಂದ ಕಳೆದು ವರ್ಗಮೂಲ ತೆಗೆದು, ಆ ಮೂಲವನ್ನು ಪರಿಧಿಯ ಅರ್ಧದಿಂದ ಕಳೆದರೆ ಚಾಪ. ಜ್ಯೆ 120 ಆದರೆ ಕಾಲುಭಾಗ 30; ಗುಣಿಸಿದಾಗ 48600; ಅದನ್ನು 1080ರಿಂದ ಭಾಗಿಸಿದರೆ 45; 81ರಲ್ಲಿ 45 ಕಳೆದರೆ 36; ಮೂಲ 6; ಒಂಬತ್ತರಲ್ಲಿ ಆರು ಹೋದರೆ 3. ಹೊರಟಲ್ಲಿಗೇ ಬಂದೆವು. ಮೊದಲ ಸೂತ್ರ ಸ್ಥೂಲವಾದರೂ ಎರಡನೆಯದು ಅದರ ನಿಖರವಾದ ವಿಲೋಮವಾಗಿರುವುದರಿಂದ ಹೋಗಿ ಬಂದ ಪ್ರಯಾಣದಲ್ಲಿ ನಷ್ಟವಿಲ್ಲ.

ಆದರೆ ಸೂಕ್ಷ್ಮವಿರುವುದು ಇಲ್ಲಿಯೇ. ಮೂರು ಭಾಗದ ಬದಲು ಹದಿನೈದು ಭಾಗದ ಚಾಪದಿಂದ ಹೊರಟು ನೋಡಿರಿ. ಪ್ರಥಮ 3 ಗುಣಿಸು 15. ಮತ್ತೆ 45, ಮತ್ತೆ ಜ್ಯೆ 120. ಎರಡನೆಯ ಸೂತ್ರ ಮತ್ತೆ 3 ಎಂದೇ ಹೇಳುತ್ತದೆ, 15 ಎಂದಲ್ಲ. ಪರಿಧಿಯ ಅರ್ಧದಿಂದ ಮೂಲವನ್ನು ಕಳೆಯಬೇಕೆಂದು ವಿಧಿಸಿರುವುದರಿಂದ ಯಾವಾಗಲೂ ಸಣ್ಣ ಚಾಪವೇ ಕೈಗೆ ಬರುತ್ತದೆ. ಹೆದೆಯೊಂದೇ ಆದರೂ ಬಿಲ್ಲುಗಳು ಎರಡು. ಇಂದಿನ ಪುಸ್ತಕಗಳು ಪ್ರಧಾನ ಬೆಲೆ ಎಂದು ಕರೆಯುವುದು ಇದನ್ನೇ. 150 ಡಿಗ್ರಿಯ ಸೈನ್‌ಗೆ ವಿಲೋಮ ಸೈನ್ ತೆಗೆದರೆ 150 ಬರುವುದಿಲ್ಲ, 30 ಬರುತ್ತದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ವಿದ್ಯಾರ್ಥಿಯಾಗಿದ್ದಾಗ ಸೈನ್ ಮತ್ತು ವಿಲೋಮ ಸೈನ್ ಪರಸ್ಪರ ಹೊಡೆದುಹೋಗುತ್ತವೆ ಎಂದು ಕಲಿತು, ಶಿಕ್ಷಕನಾದ ಮೇಲೂ ಕೆಲವು ವರ್ಷ ಹಾಗೆಯೇ ಕಲಿಸಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಂದ ನಡೆದು ಬಂದು ಕಂದೀಲಿನ ಬೆಳಕಿನಲ್ಲಿ ಓದಿದ ಮಕ್ಕಳು ನನ್ನ ಮಾತನ್ನು ನಂಬಿ ಬರೆದು ಅಂಕ ಕಳೆದುಕೊಂಡರು. ಅವರು ದಡ್ಡರಾಗಿರಲಿಲ್ಲ. ತಪ್ಪು ಹಲಗೆಯ ಮೇಲಿತ್ತು. ಆಚಾರ್ಯರ ಗ್ರಂಥವನ್ನು ಸಾವಕಾಶವಾಗಿ ಓದಿದ ಮೇಲೆ ನನಗೆ ಇದು ತಿಳಿಯಿತು. ಈ ಲೇಖನ ಬರೆಯಲು ನಿಜವಾದ ಕಾರಣವೂ ಅದೇ.

ಗೋಲಾಧ್ಯಾಯದ ಜ್ಯೋತ್ಪತ್ತಿ ಎಂಬ ಪ್ರಕರಣದಲ್ಲಿ ಆಚಾರ್ಯರು ಜ್ಯೆಗಳು ಹುಟ್ಟುವ ಬಗೆಯನ್ನು ವಿವರಿಸಿದ್ದಾರೆ. 30 ಅಂಶದ ಜ್ಯಾ ತ್ರಿಜ್ಯದ ಅರ್ಧ. 45ರದ್ದು ತ್ರಿಜ್ಯವರ್ಗದ ಅರ್ಧದ ಮೂಲ. 18 ಅಂಶಕ್ಕೆ ತ್ರಿಜ್ಯವರ್ಗದ ಐದು ಪಟ್ಟಿನ ಮೂಲದಿಂದ ತ್ರಿಜ್ಯವನ್ನು ಕಳೆದು 4ರಿಂದ ಭಾಗಿಸಬೇಕು. 36ಕ್ಕೆ ಮೂಲದೊಳಗೆ ಮೂಲವಿರುವ ನಿಖರ ಸೂತ್ರ ಕೊಟ್ಟು, ಅಷ್ಟು ತಾಳ್ಮೆಯಿಲ್ಲದವರಿಗೆ ತ್ರಿಜ್ಯವನ್ನು 5878ರಿಂದ ಗುಣಿಸಿ 10000ದಿಂದ ಭಾಗಿಸುವ ಸುಲಭೋಪಾಯವನ್ನೂ ಹೇಳಿದ್ದಾರೆ. ಒಂದೊಂದೇ ಅಂಶ ಮುಂದೆ ಸಾಗಿ 90 ಜ್ಯೆಗಳನ್ನು ಕಟ್ಟಲು, ಜ್ಯೆಯಿಂದ ಅದರ 6569ನೆಯ ಭಾಗವನ್ನು ಕಳೆದು, ಕೋಟಿಜ್ಯೆಯನ್ನು 10ರಿಂದ ಗುಣಿಸಿ 573ರಿಂದ ಭಾಗಿಸಿ ಕೂಡಿಸಬೇಕು. ಆಸಕ್ತರು ಯಂತ್ರದಲ್ಲಿ ತಾಳೆ ನೋಡಬಹುದು. ಒಂದು ಅಂಶದ ಸೈನ್ ಇದರಿಂದ ಆರನೆಯ ದಶಮಾಂಶದವರೆಗೆ ಸರಿಬರುತ್ತದೆ.

ಎರಡು ಚಾಪಗಳ ಮೊತ್ತದ ಜ್ಯೆಗೆ ಅವರು ಹೇಳಿದ ಸಮಾಸಭಾವನೆಯು ನಮ್ಮ ಪ್ರಶ್ನೆಪತ್ರಿಕೆಗೆ ನೇರವಾಗಿ ಸಂಬಂಧಿಸಿದ್ದು. ಒಂದರ ಜ್ಯೆಯನ್ನು ಇನ್ನೊಂದರ ಕೋಟಿಜ್ಯೆಯಿಂದ ಗುಣಿಸಿ, ಎರಡನ್ನೂ ಕೂಡಿಸಿ, ತ್ರಿಜ್ಯದಿಂದ ಭಾಗಿಸಬೇಕು. ಚಾಪಗಳು ಎಷ್ಟು ಅಂಶವೆಂದು ತಿಳಿಯುವ ಅಗತ್ಯವೇ ಇಲ್ಲ. ತ್ರಿಜ್ಯ 65 ಇರಲಿ. ಜ್ಯೆಗಳು 39 ಮತ್ತು 25. ವರ್ಗಾಂತರದ ಮೂಲದಿಂದ ಕೋಟಿಜ್ಯೆಗಳು 52 ಮತ್ತು 60. 39 ಗುಣಿಸು 60 ಎಂದರೆ 2340; 25 ಗುಣಿಸು 52 ಎಂದರೆ 1300; ಮೊತ್ತ 3640; ಭಾಗಿಸಿದರೆ 56. ಈಗ ಜ್ಯೆಗಳು 60 ಮತ್ತು 52 ಎಂದಿಟ್ಟುಕೊಂಡು ಮಾಡಿರಿ. ಮತ್ತೆ 56! ಆದರೆ ಮೊದಲ ಚಾಪಗಳ ಮೊತ್ತ ಸುಮಾರು 59 ಅಂಶ 29 ಕಲೆ. ಎರಡನೆಯವುಗಳದ್ದು ಸುಮಾರು 120 ಅಂಶ 31 ಕಲೆ. ಎರಡನೆಯ ಲೆಕ್ಕದಲ್ಲಿ ಪ್ರತಿಯೊಂದು ಚಾಪವೂ 45ಕ್ಕಿಂತ ದೊಡ್ಡದಾದ್ದರಿಂದ ಮೊತ್ತ 90ನ್ನು ಮೀರಲೇಬೇಕು. ಅಲ್ಲಿ 56ರ ಚಾಪವನ್ನು ಹಾಗೆಯೇ ಬರೆದರೆ ಉತ್ತರ ತಪ್ಪು. ಅದನ್ನು 180ರಿಂದ ಕಳೆದು ಬರೆಯಬೇಕು. ಗುಣಾಕಾರವನ್ನೆಲ್ಲ ಸರಿಯಾಗಿ ಮಾಡಿ ಕೊನೆಯ ಸಾಲಿನಲ್ಲಿ ಜಾರುವವರು ಬಹಳ.

ಆಚಾರ್ಯರಿಗೆ ಇದು ಕೇವಲ ಪರೀಕ್ಷೆಯ ಕಸರತ್ತಾಗಿರಲಿಲ್ಲ. ಸಮತಟ್ಟಾದ ನೆಲದಲ್ಲಿ 12 ಅಂಗುಲದ ಶಂಕುವನ್ನು ನೆಟ್ಟು, ಹಗಲು ರಾತ್ರಿ ಸಮವಾದ ದಿನದ ನಡುಹಗಲಿನಲ್ಲಿ ನೆರಳನ್ನಳೆದರೆ ಅದೇ ಆ ಊರಿನ ಪಲಭಾ. ಅಂಗುಲಕ್ಕೆ 60 ವ್ಯಂಗುಲದಂತೆ ಜೇವರ್ಗಿಯ ಪಲಭಾ ಸುಮಾರು 3 ಅಂಗುಲ 40 ವ್ಯಂಗುಲ, ಅಫಜಲಪುರದ್ದು 3 ಅಂಗುಲ 43, ಆಳಂದದ್ದು 3 ಅಂಗುಲ 48. ಮೂರು ತಾಲೂಕುಗಳ ನಡುವಿನ ಅಂತರ ಒಂದು ಕೋಲಿನ ನೆರಳಿನಲ್ಲಿ ಎಂಟು ವ್ಯಂಗುಲವಾಗಿ ಕಾಣುತ್ತದೆ! ನೆರಳು ಭುಜ, ಶಂಕು ಕೋಟಿ, ಇವೆರಡರ ವರ್ಗಗಳ ಮೊತ್ತದ ಮೂಲ ಕರ್ಣ. ಪಲಭಾ 5 ಅಂಗುಲವಿರುವ ಊರಿನಲ್ಲಿ ಕರ್ಣ 13. ಅಕ್ಷಾಂಶದ ಸೈನ್ 13ರಲ್ಲಿ 5 ಪಾಲು, ಕೊಸೈನ್ 12 ಪಾಲು. ಟ್ಯಾಂಜೆಂಟಿನ ವಿಲೋಮಕ್ಕೆ ಸೈನ್ ತೆಗೆಯುವುದೆಂದರೆ ಇಷ್ಟೇ: ತ್ರಿಕೋನ ಬರೆದು ಕರ್ಣ ಕಂಡುಹಿಡಿ, ಕೋನದ ಗೊಡವೆಗೇ ಹೋಗಬೇಡ. ಇಂಥ ಸಜಾತೀಯ ತ್ರಿಕೋನಗಳು ಎಂಟೆಂದು ಎಣಿಸಿ, ಅವುಗಳಿಗೆ ಅಕ್ಷಕ್ಷೇತ್ರಗಳೆಂದು ಹೆಸರಿಟ್ಟು, ಒಂದರಿಂದ ಇನ್ನೊಂದನ್ನು ತ್ರೈರಾಶಿಕದಿಂದ ಪಡೆಯುವುದನ್ನು ಅವರು ತೋರಿಸಿದ್ದಾರೆ.

ಜೇವರ್ಗಿಯ ಶಾಲೆಯ ಅಂಗಳದಲ್ಲಿ ಒಂದು ಲೆಕ್ಕ ಮಾಡೋಣ. ಪಲಭಾ 3 ಅಂಗುಲ 40. ಕರ್ಣ ಸುಮಾರು 12.55, ತ್ರಿಜ್ಯ 120ಕ್ಕೆ ಅಕ್ಷಜ್ಯಾ 35. ಲಘುಜ್ಯೆಗಳಲ್ಲಿ 21 ಕಳೆಯುತ್ತದೆ, ಉಳಿದದ್ದು 14, ಮುಂದಿನ ಅಂತರ 20ಕ್ಕೆ 10 ಅಂಶವಾದರೆ 14ಕ್ಕೆ 7, ಅಕ್ಷಾಂಶ 17. ಬೇರೊಂದು ದಿನ ನಡುಹಗಲಿನ ನೆರಳು ಉತ್ತರಕ್ಕೆ ಸರಿಯಾಗಿ 1 ಅಂಗುಲ ಬಿತ್ತೆನ್ನೋಣ. ಕರ್ಣ 145ರ ಮೂಲ. ಜ್ಯಾ 10ಕ್ಕೆ ಸ್ವಲ್ಪ ಕಡಿಮೆ. ಚಾಪ ಸುಮಾರು 4 ಮುಕ್ಕಾಲು ಅಂಶ. ಇದು ನೆತ್ತಿಯಿಂದ ಸೂರ್ಯನಿಗಿರುವ ದೂರ. 17ರಲ್ಲಿ ಕಳೆದರೆ ಸೂರ್ಯನ ಉತ್ತರಕ್ರಾಂತಿ 12 ಕಾಲು. ಅದರ ಜ್ಯಾ 25 ಅರ್ಧ. ಪರಮಕ್ರಾಂತಿಯು 24 ಅಂಶವೆಂದು ಆಚಾರ್ಯರ ಲೆಕ್ಕ. ಅದರ ಜ್ಯಾ ಇದೇ ಪಟ್ಟಿಯಿಂದ 48.6. 25 ಅರ್ಧವನ್ನು 120ರಿಂದ ಗುಣಿಸಿ 48.6ರಿಂದ ಭಾಗಿಸಿದರೆ 63. ಚಾಪ 30ರ ಮೇಲೆ ಒಂದು ಮುಕ್ಕಾಲು. ಅಂದರೆ ವಸಂತಸಂಪಾತದಿಂದ ಸೂರ್ಯನು ಸುಮಾರು 31 ಮುಕ್ಕಾಲು ಅಂಶ ಸಾಗಿದ್ದಾನೆ: ದಿನಾಂಕ ಏಪ್ರಿಲ್ 22ರ ಸುಮಾರು. ಜ್ಯಾ, ಚಾಪ, ಮತ್ತೆ ಜ್ಯಾ, ಮತ್ತೆ ಚಾಪ. ಒಂದು ಕೋಲು, ಒಂದು ನೆರಳು, ಒಂಬತ್ತು ಸಂಖ್ಯೆ, ಇವಿಷ್ಟರಿಂದ ತಿಥಿಪತ್ರ.

ಆದರೆ ಆಗಸ್ಟ್ 21ರ ಸುಮಾರಿಗೂ ನೆರಳು ಅದೇ ಒಂದು ಅಂಗುಲ! ಆಗ ಸೂರ್ಯನಿರುವುದು 180ರಲ್ಲಿ 31 ಮುಕ್ಕಾಲು ಕಳೆದ ಸ್ಥಾನದಲ್ಲಿ. ವೃತ್ತವನ್ನು ನಾಲ್ಕು ಪದಗಳಾಗಿ ವಿಂಗಡಿಸಿ, ವಿಷಮಪದದಲ್ಲಿ ಕಳೆದದ್ದನ್ನೂ ಸಮಪದದಲ್ಲಿ ಉಳಿದದ್ದನ್ನೂ ಭುಜವೆಂದು ಹಿಡಿಯುವ ಕ್ರಮ ನಮ್ಮ ಸಿದ್ಧಾಂತಗಳಲ್ಲಿದೆ. ಮರಳುವಾಗ ಚಾಪವನ್ನು ಮೊದಲ ಪದದಲ್ಲಿ ಹಾಗೆಯೇ ಇಟ್ಟು, ಎರಡನೆಯದರಲ್ಲಿ ಆರು ರಾಶಿಯಿಂದ ಕಳೆದು, ಮೂರನೆಯದರಲ್ಲಿ ಆರು ರಾಶಿಗೆ ಕೂಡಿಸಿ, ನಾಲ್ಕನೆಯದರಲ್ಲಿ ಹನ್ನೆರಡು ರಾಶಿಯಿಂದ ಕಳೆಯಬೇಕು. ಸೂರ್ಯನಿರುವುದು ಯಾವ ಪದದಲ್ಲಿ ಎಂಬುದನ್ನು ಜ್ಯೆಯು ಹೇಳಲಾರದು. ಅದನ್ನು ಹೊರಗೆ ಕಣ್ಣೆತ್ತಿ ನೋಡಿ ತಿಳಿಯಬೇಕು. ಏಪ್ರಿಲಿನಲ್ಲಿ ನಮ್ಮ ಎರೆಭೂಮಿ ಬಿರುಕು ಬಿಟ್ಟಿರುತ್ತದೆ, ನೆರಳು ದಿನದಿನಕ್ಕೆ ಕುಗ್ಗುತ್ತಿರುತ್ತದೆ. ಆಗಸ್ಟಿನಲ್ಲಿ ತೊಗರಿ ಹಸಿರಾಗಿ ನಿಂತಿರುತ್ತದೆ, ಮೋಡ ಬಿಟ್ಟರೆ ನೆರಳು ಬೆಳೆಯುತ್ತಿರುತ್ತದೆ. ಗೋಲಾಧ್ಯಾಯದಂಥ ಖಗೋಳ ಗ್ರಂಥದಲ್ಲಿ ಆಚಾರ್ಯರು ಋತುವರ್ಣನೆಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಅದನ್ನು ಬರಿಯ ಕಾವ್ಯವಿಲಾಸವೆನ್ನುವವರಿದ್ದಾರೆ. ನನಗಂತೂ ಹಾಗೆನ್ನಿಸುವುದಿಲ್ಲ.

1183ರಲ್ಲಿ, 69ನೆಯ ವಯಸ್ಸಿನಲ್ಲಿ, ಅವರು ಪಂಚಾಂಗ ಮಾಡುವವರಿಗಾಗಿ ಕರಣಕುತೂಹಲವೆಂಬ ಚಿಕ್ಕ ಗ್ರಂಥವನ್ನು ರಚಿಸಿದರು. ಜ್ಯಾ-ಚಾಪಗಳ ಈ ಓಡಾಟ ಪಂಚಾಂಗದವರಿಗೆ ಬೇಸರ ತಂದಿದ್ದೂ ಉಂಟು. 1520ರಲ್ಲಿ ಗಣೇಶ ದೈವಜ್ಞರು ಗ್ರಹಲಾಘವದಲ್ಲಿ ಜ್ಯಾ ಮತ್ತು ಚಾಪ ಎರಡನ್ನೂ ಸಂಪೂರ್ಣವಾಗಿ ಕೈಬಿಟ್ಟು ಗ್ರಹಗಣಿತ ಮಾಡುವ ಉಪಾಯವನ್ನು ತಂದರು. ಅದು ಚತುರತೆಯೇ ಸರಿ. ಅದೇ ಗಣೇಶರು 1545ರಲ್ಲಿ ಲೀಲಾವತಿಗೆ ಬುದ್ಧಿವಿಲಾಸಿನಿಯೆಂಬ ವ್ಯಾಖ್ಯಾನ ಬರೆದು ಸೂತ್ರಗಳಿಗೆ ಉಪಪತ್ತಿ ಕೊಟ್ಟರು. 1817ರಲ್ಲಿ ಕೋಲ್‌ಬ್ರೂಕರು ಲೀಲಾವತೀ, ಬೀಜಗಣಿತಗಳನ್ನು ಇಂಗ್ಲಿಷಿಗೆ ತಂದ ಮೇಲೆ ಯೂರೋಪಿನ ವಿದ್ವಾಂಸರಿಗೂ ಆಚಾರ್ಯರ ಪರಿಚಯವಾಯಿತು. ಭಾರತವು 1979ರಲ್ಲಿಯೂ 1981ರಲ್ಲಿಯೂ ಹಾರಿಸಿದ ಉಪಗ್ರಹಗಳಿಗೆ ಭಾಸ್ಕರವೆಂಬ ಹೆಸರನ್ನಿಟ್ಟಿತು.

ಪಾಟಣದ ಶಾಸನದ ಮಾತು ಉಳಿದಿದೆ. 19ನೆಯ ಶತಮಾನದಲ್ಲಿ ಡಾ. ಭಾವು ದಾಜಿಯವರು ಬೆಳಕಿಗೆ ತಂದ ಈ ಶಾಸನವು ಆಚಾರ್ಯರ ವಂಶಾವಳಿಯನ್ನು ತ್ರಿವಿಕ್ರಮನಿಂದ ಹಿಡಿದು ಹೇಳುತ್ತದೆ. ಭೋಜರಾಜನಿಂದ ವಿದ್ಯಾಪತಿಯೆಂಬ ಬಿರುದು ಪಡೆದ ಭಾಸ್ಕರಭಟ್ಟ, ಆಮೇಲೆ ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ. ಮಹೇಶ್ವರನ ಮಗ ನಮ್ಮ ಆಚಾರ್ಯರು. ಅವರ ಮಗ ಲಕ್ಷ್ಮೀಧರನನ್ನು ಸೇವುಣರ ಜೈತ್ರಪಾಲನು ತನ್ನ ಬಳಿಗೆ ಕರೆಸಿಕೊಂಡನು. ಮೊಮ್ಮಗ ಚಾಂಗದೇವನು ಸಿಂಘಣನ ಆಸ್ಥಾನ ಜ್ಯೋತಿಷಿಗಳಲ್ಲಿ ಮುಖ್ಯನಾದನು. ಈ ಚಾಂಗದೇವನು ಅಜ್ಜನ ಹೆಸರಿನಲ್ಲಿ ಕಟ್ಟಿಸಿದ್ದು ಗುಡಿಯನ್ನಲ್ಲ, ಒಂದು ಮಠವನ್ನು. ಸಿದ್ಧಾಂತಶಿರೋಮಣಿಯನ್ನೂ ಆ ವಂಶದವರ ಇತರ ಗ್ರಂಥಗಳನ್ನೂ ವಿದ್ಯಾರ್ಥಿಗಳಿಗೆ ಪಾಠ ಹೇಳುವುದಕ್ಕಾಗಿಯೇ ಆ ಮಠ. ನಿಕುಂಭವಂಶದ ಸೋಯಿದೇವನು ಶಕ 1128ರಲ್ಲಿ, ಅಂದರೆ 1206-07ರ ಸುಮಾರಿಗೆ, ಗ್ರಹಣಕಾಲದಲ್ಲಿ ಅದಕ್ಕೆ ದತ್ತಿ ಬಿಟ್ಟನು. ಅದರ ವಿವರವನ್ನು ಸಂಸ್ಕೃತದೊಡನೆ ಆ ಊರಿನವರ ಹಳೆಯ ಮರಾಠಿಯಲ್ಲಿಯೂ ಕಲ್ಲಿನ ಮೇಲೆ ಕೆತ್ತಿಸಲಾಗಿದೆ.